ಇನ್ನೊಂದು ಗುಟುಕು

ಎಸ್ಟೇಟುಗಳಿನ್ನೂ ಬಿಳಿ ದೊರೆಗಳ ಕೈಯಲ್ಲಿದ್ದ ಕಾಲ. ಹೆಣ್ಣು ನೋಡಲೆಂದು ಬಾಳೂರಿನ ನಮ್ಮ ಮನೆಗೆ ಬಂದ ವರ ಮೈಸೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದರು. ತಲೆ ತುಂಬ ದೇಹದ ಗ್ರಂಥಿಗಳ ಪಾಠ. ಮಾತಾಡುವಾಗಲೂ ಎರಡು ಬೆರಳು ತಮ್ಮ ಗಂಟಲ ಮೇಲೆಯೇ ಇರುತ್ತಿದ್ದವು. ಜಗಲಿಯಲ್ಲಿದ್ದ ಅಜ್ಜಿಗೆ, “ಒಂದು ಗುಟುಕು ನೀರು ಕುಡೀರಿ” ಎಂದು ಅವಳ ಕುತ್ತಿಗೆಯನ್ನೇ ದಿಟ್ಟಿಸಿದರು. ಕಾಫಿ ತಂದ ನನಗೂ ಅದೇ ಮಾತು. ನೀರು ಕುಡಿದೆ.

“ಇನ್ನೊಂದು ಗುಟುಕು,” ಎಂದರು. ಆಮೇಲೆ ಮೆಲ್ಲಗೆ, “ಗಂಟಲ ಗ್ರಂಥಿ ಸ್ವಲ್ಪ ಊದಿದೆ, ನುಂಗುವಾಗ ಕಾಣ್ತದೆ. ಈಗ್ಲೇ ಅಯೋಡಿನ್ ಔಷಧಿ ಕೊಟ್ರೆ ಇಳೀತದೆ.”

ಅಪ್ಪ ಎದ್ದು ನಿಂತರು. “ಹೆಣ್ಣು ನೋಡ್ಲಿಕ್ಕೆ ಬಂದದ್ದೋ, ರೋಗ ಹುಡುಕ್ಲಿಕ್ಕೋ ಮಾರಾಯ್ರೆ? ಹೊರಡಿ.”

ಔಷಧಿಯ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ನನ್ನ ಗಂಟಲು ದಪ್ಪವಾಗುತ್ತಲೇ ಹೋಯಿತು. ಆಮೇಲೆ ಬಂದ ವರಗಳೆಲ್ಲ ಅದನ್ನು ಕಂಡು, ಕಾಫಿ ಮುಗಿಸದೆ ಎದ್ದರು.

ಈಗಲೂ ಒಬ್ಬಳೇ ನೀರು ಕುಡಿಯುವಾಗ, ಮೊದಲ ಗುಟುಕಾದ ಮೇಲೆ ಸ್ವಲ್ಪ ಹೊತ್ತು ಕಾಯುತ್ತೇನೆ.