ಆಲ್ಟರ್ನೇಟರ್ ಹಾಕಿಸಿದ ಮೇಲೆ

ಇವತ್ತು ಬೆಳಿಗ್ಗೆ ಹೊನ್ನಾವರದ ಗ್ಯಾರೇಜೊಂದರ ಮುಂದೆ ಕೂತಿದ್ದೆ. ನನ್ನ ಕಾರಿನ ಬೆಲ್ಟ್ ಸುಟ್ಟಿತ್ತು. ಬಾನೆಟ್ ಎತ್ತಿದ ಕೂಡಲೇ ರಬ್ಬರಿನ ಕಮಟು ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದರಿಂದ ತಲೆನೋವು ಬರುತ್ತದಂತೆ. ನನಗೆ ನೆನಪಾಗುವುದು ಧಾರೇಶ್ವರದ ನಮ್ಮ ಮನೆಯಂಗಳ, ಅಪ್ಪನ ಹಳೇ ಅಂಬಾಸಿಡರ್, ಅದರ ಡಿಕ್ಕಿಗೆ ಎರಡೂ ಕೈಯೂರಿ ನಿಂತ ದೊಡ್ಡಪ್ಪ.

ಅಪ್ಪ ಕುಮಟೆಯ ಹೈಸ್ಕೂಲಿನಲ್ಲಿ ಮಾಸ್ತರು. ಕಾರು ವಯಸ್ಸಿನಲ್ಲಿ ಅವರಿಗಿಂತ ಸ್ವಲ್ಪವೇ ಚಿಕ್ಕದು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದರೂ ಅದರಲ್ಲಿ ಕರೆಂಟು ಹುಟ್ಟಿಸುತ್ತಿದ್ದದ್ದು ಹಳೇ ಕಾಲದ ಡೈನಮೋ. ನಿಧಾನ ಓಡಿಸಿದರೆ ಅದು ಬ್ಯಾಟರಿಗೆ ಏನೂ ಕೊಡುತ್ತಿರಲಿಲ್ಲ. ಅಪ್ಪನೋ ಎತ್ತಿನ ಗಾಡಿಗೂ ದಾರಿ ಬಿಡುವ ಮನುಷ್ಯ. ಮಳೆಗಾಲದಲ್ಲಿ ದೀಪ, ವೈಪರ್ ಎರಡನ್ನೂ ಹಾಕಿಕೊಂಡು ಬಂದರೆಂದರೆ ಮರುದಿನ ಕಾರು ಒಮ್ಮೆ ನರಳಿ ಸುಮ್ಮನಾಗುತ್ತಿತ್ತು. ಆ ನರಳಿಕೆ ಕೇಳಿದ್ದೇ ತಡ, ಪಕ್ಕದ ಮನೆಯಿಂದ ದೊಡ್ಡಪ್ಪ ಹೆಗಲ ಪಂಚೆಯನ್ನು ಸೊಂಟಕ್ಕೆ ಬಿಗಿಯುತ್ತ ಬರುತ್ತಿದ್ದರು.

ಇಲ್ಲೊಂದು ವಿಷಯ ನಿಮಗೆ ಹೇಳಬೇಕು. ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ಅಜ್ಜಿಯ ತಿಥಿ ಯಾರ ಮನೆಯಲ್ಲಿ ಆಗಬೇಕು ಎಂದು ಶುರುವಾದ ಮಾತು, ಮಾತೇ ನಿಂತುಹೋಗುವಷ್ಟು ಬೆಳೆದಿತ್ತು. ಆದರೆ ದೊಡ್ಡಪ್ಪನಿಗೆ ಕಾರಿನ ಜೊತೆ ಜಗಳವಿರಲಿಲ್ಲ. "ಮಳೆ ಜೋರದೆ, ಹೊಳೆ ಬದಿ ರಸ್ತೆಲಿ ಹೋಗೂದು ಬೇಡ" ಎಂದು ಡಿಕ್ಕಿಗೆ ಹೇಳುವರು. ಒಳಗೆ ಕೂತ ಅಪ್ಪ ಕೇಳಿಸದವರಂತೆ ಕೇಳಿಸಿಕೊಂಡು ಬೇರೆ ರಸ್ತೆ ಹಿಡಿಯುವರು. ಅಮ್ಮನೂ ನಾನೂ ಆಚೀಚೆ ಕೈ ಹಚ್ಚುತ್ತಿದ್ದೆವು. ನನ್ನದು ಬೊಬ್ಬೆಯೇ ಹೆಚ್ಚು, ತಳ್ಳಿದ್ದು ಕಡಿಮೆ. ಎಂಜಿನ್ ಹಿಡಿದುಕೊಂಡೊಡನೆ ಅಪ್ಪ ಎರಡು ಸಲ ಹಾರ್ನ್ ಹೊಡೆಯುತ್ತಿದ್ದರು. ಅವರ ಮಾತುಕತೆ ಅಷ್ಟೇ. ಎರಡೂ ಮನೆಗೆ ಅದು ಸಾಕಾಗುತ್ತಿತ್ತು.

ಒಂದು ದಿನ ತಳ್ಳುವಾಗ ದೊಡ್ಡಪ್ಪನ ಸೊಂಟ ಹಿಡಿದುಕೊಂಡಿತು. ಅವರು ಬೇಲಿಗೆ ಆತುಕೊಂಡು ನಿಂತದ್ದನ್ನು ಅಪ್ಪ ಕನ್ನಡಿಯಲ್ಲಿ ನೋಡಿರಬೇಕು. ಆ ಭಾನುವಾರವೇ ನನ್ನನ್ನೂ ಕೂರಿಸಿಕೊಂಡು ಭಟ್ಕಳಕ್ಕೆ ಹೊರಟರು. ಅಲ್ಲಿಯ ಎಲೆಕ್ಟ್ರಿಷಿಯನ್ ಭಾಯಿ ಡೈನಮೋ ಬಿಚ್ಚಿ, ನಿಧಾನ ಓಡಿಸಿದರೂ ಬ್ಯಾಟರಿ ತುಂಬಿಸುವ, ಹೊಸ ಕಾಲದ ಕಾರೊಂದರ ಆಲ್ಟರ್ನೇಟರನ್ನು ಕ್ಲಾಂಪು ಬೆಸೆದು ಕೂರಿಸಿದ. "ಇನ್ನು ಯಾರ ಕೈಕಾಲೂ ಹಿಡಿಯೂದು ಬೇಡ ಮಾಸ್ತರೇ" ಎಂದ. ವಾಪಸು ಬರುವಾಗ ಅಪ್ಪ ಮುರ್ಡೇಶ್ವರ ದಾಟುವವರೆಗೂ ಹಾಡುಹಗಲಲ್ಲಿ ಹೆಡ್‌ಲೈಟ್ ಉರಿಸಿದರು. ಮಳೆಯಿಲ್ಲದಿದ್ದರೂ ವೈಪರ್ ಆಡಿಸಿದರು. ಎದುರಿನ ಬಸ್ಸಿನವನು ದೀಪ ಆರಿಸಲು ಕೈಸನ್ನೆ ಮಾಡಿದರೆ ಇವರು ನಮಸ್ಕಾರ ಮಾಡಿದರು.

ಮರುದಿನ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನೋವಿನಲ್ಲೇ ಪಂಚೆ ಬಿಗಿದುಕೊಂಡು ದೊಡ್ಡಪ್ಪ ನಮ್ಮ ಬೇಲಿಯ ದಣಪೆಯ ತನಕ ಬಂದಿದ್ದರು. ತಳ್ಳಿಸಿಕೊಳ್ಳದ ಮೇಲೆ ಹಾರ್ನ್ ಏಕೆಂದುಕೊಂಡರೋ ಏನೋ, ಅಪ್ಪ ಸುಮ್ಮನೆ ಹೊರಟುಹೋದರು. ದೊಡ್ಡಪ್ಪ ಸೊಂಟಕ್ಕೆ ಬಿಗಿದಿದ್ದ ಪಂಚೆ ಬಿಚ್ಚಿ ಮತ್ತೆ ಹೆಗಲಿಗೆ ಹಾಕಿಕೊಂಡರು.

"ನಿನ್ನಪ್ಪಗೆ ಈಗ ನಾ ಬೇಡ, ತಂಗಿ" ಎಂದು ಅಂಗಳದಲ್ಲಿದ್ದ ನನಗೆ ಹೇಳಿದರು.

ಆಮೇಲೆ ಅವರು ನಮ್ಮ ಅಂಗಳಕ್ಕೆ ಕಾಲಿಡಲಿಲ್ಲ. ಹೋಗಿ ಒಂದು ಮಾತು ಹೇಳಿ ಬನ್ನಿ ಎಂದು ಅಮ್ಮ ಎಷ್ಟೋ ಸಲ ಹೇಳಿದಳು. ಯಾರಿಗಾಗಿ ಹಾಕಿಸಿದ್ದೆಂದು ಅಣ್ಣನಿಗೆ ತಿಳಿಯದೇ ಇರುತ್ತದೆಯೇ ಎನ್ನುವುದೇ ಅಪ್ಪನ ಉತ್ತರ. ತಿಳಿಯಲಿಲ್ಲ. ಕೆಲವು ವರ್ಷಗಳ ಮೇಲೆ ದೊಡ್ಡಪ್ಪ ತೀರಿಕೊಂಡಾಗ ಅಪ್ಪ ದೊಡ್ಡಮ್ಮನ ಮುಂದೆ ಕೂತು, ಅದನ್ನು ಹಾಕಿಸಿದ್ದು ಅಣ್ಣನ ಸೊಂಟಕ್ಕಾಗಿ ಎಂದು ಹೇಳಿದರು.

"ಸೊಂಟ ನೋವಾದ್ರೂ ಅವ್ರಿಗೆ ಅದೇ ಬೇಕಾಗಿತ್ತು, ತಮಾ" ಎಂದರು ದೊಡ್ಡಮ್ಮ. "ನಿನ್ನ ಕಾರು ತಳ್ಳೂಕೆ ಅಂತ್ಲೇ ಬೇಗ ಏಳ್ತಿದ್ರು."

ಅಪ್ಪನೂ ಈಗಿಲ್ಲ. ಅಷ್ಟು ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ಅಷ್ಟು ಕೆಟ್ಟದಾಗಿ ಮುಗಿಯಿತಲ್ಲ.

ಗ್ಯಾರೇಜಿನವನು ಬೆಲ್ಟ್ ಹಾಕಿ, ಆತು ಅಕ್ಕ, ಹೊರಡಿ ಎಂದ. ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ದೊಡ್ಡಪ್ಪನ ಮಗ ವಸಂತಣ್ಣ ಇದೇ ಊರಿನಲ್ಲಿ ಅಂಗಡಿ ಇಟ್ಟಿದ್ದಾನೆ. ನಮ್ಮಿಬ್ಬರಿಗೆ ಜಗಳವೇನಿಲ್ಲ, ಒಬ್ಬರಿಂದೊಬ್ಬರಿಗೆ ಕೆಲಸ ಬೀಳದೆ ಮಾತು ತಪ್ಪಿಹೋಗಿದೆ. ಎಂಜಿನ್ ಆರಿಸಿ ಅವನಿಗೆ ಫೋನ್ ಮಾಡಿ, ಇಲ್ಲೇ ಗ್ಯಾರೇಜಿನ ಹತ್ತಿರ ಕಾರು ಕೆಟ್ಟು ನಿಂತಿದೆ, ಬರುತ್ತೀಯಾ ಎಂದೆ. ಏನಾಗಿದೆ ಎಂದೂ ಅವನು ಕೇಳಲಿಲ್ಲ.

"ಅಲ್ಲೇ ಇರು, ಬಂದೆ" ಎಂದ.

ಅಪ್ಪನಿಗೆ ಇಂಥದ್ದೊಂದು ಸುಳ್ಳು ಹೇಳಲು ಬರುತ್ತಿರಲಿಲ್ಲ.