ಬಚ್ಚಲ ಒಲೆಯ ಕೆಂಡ

ಆ ಹೊಗೆ ವಿಷವೆಂದು ನನಗೆ ಗೊತ್ತಿತ್ತು, ಗೌರಕ್ಕ. ನೀವು ಕೇಳಿದ ದಿನವೂ ಗೊತ್ತಿತ್ತು. ಗೊತ್ತಿದ್ದೇ ಸುಳ್ಳು ಹೇಳಿದೆ.

ಶಿರಾಳಕೊಪ್ಪದ ನನ್ನ ರಿಪೇರಿ ಅಂಗಡಿಯ ಹಿಂದೆ ಕೆಟ್ಟ ಟಿವಿ, ಮಿಕ್ಸಿ, ಚಾರ್ಜರುಗಳ ಗುಡ್ಡೆಯೇ ಬೆಳೆದಿತ್ತು. ನಾನೋ ಚಿಂತೆಯ ಪ್ರಾಣಿ — ಸೀನಿದರೆ ನ್ಯುಮೋನಿಯಾ, ಎಡಗೈ ನೊಂದರೆ ಹಾರ್ಟ್ ಅಟ್ಯಾಕ್. ಬೆಸುಗೆ ಹಾಕುವಾಗ ಮೂಗಿಗೆ ಕರ್ಚೀಫು ಕಟ್ಟುತ್ತಿದ್ದೆ, ಪಕ್ಕದ ಅಂಗಡಿಯವರು "ಏನ್ರೀ ಡಾಕ್ಟ್ರೇ, ಆಪರೇಷನ್ ಮುಗೀತಾ?" ಎನ್ನುತ್ತಿದ್ದರು. ವೈರು ಸುಟ್ಟರೆ ಎಂಥ ಹೊಗೆ ಏಳುತ್ತದೆ, ಬೂದಿಯಲ್ಲಿ ಸೀಸ ಹೇಗೆ ಉಳಿಯುತ್ತದೆ ಎಂಬುದನ್ನೆಲ್ಲ ಓದಿ, ನಮ್ಮ ಮನೆಯ ಒಲೆಯ ಹತ್ತಿರ ಒಂದು ತುಂಡು ವೈರನ್ನೂ ಬಿಡುತ್ತಿರಲಿಲ್ಲ. ಅಂಥ ನಾನು ಆ ಗುಡ್ಡೆಯನ್ನು ಮೂಟೆ ಕಟ್ಟಿ ಉಳವಿಯ ನಿಮ್ಮ ಕೇರಿಗೆ ಸಾಗಿಸಿದೆ. ತಾಮ್ರ ಬಿಡಿಸಿ ಕೊಡಿ ಎಂದೆ. ಹೇಗೆ ಬಿಡಿಸುತ್ತೀರೆಂದು ಕೇಳಲಿಲ್ಲ — ಕೇಳಿದರೆ ಉತ್ತರ ಸಿಕ್ಕಿಬಿಡುತ್ತಿತ್ತಲ್ಲ.

ನೀವು ಬಚ್ಚಲ ಒಲೆಗೆ ಹಾಕಿದಿರಿ. ಹೇಗೂ ಬೆಳಿಗ್ಗೆ ಹಂಡೆಗೆ ಉರಿ ಬೇಕು. ನೀರೂ ಕಾಯಿತು, ತಾಮ್ರವೂ ಬಂತು. ಬೂದಿ ಪಾತ್ರೆ ತಿಕ್ಕಲು ಆಯಿತು.

ನಿಮ್ಮ ಮಗಳು ಸವಿತಾ ಬಾಣಂತನಕ್ಕೆ ಬಂದಿದ್ದಳು. ನಾನು ಮೂಟೆ ಇಳಿಸಲು ಬಂದಾಗ ನೀವು ಕೂಸಿಗೆ ನೀರೆರೆದು, ಅದೇ ಒಲೆಯ ಕೆಂಡಕ್ಕೆ ಲೋಬಾನ ಉದುರಿಸಿ, ಆ ಹೊಗೆಯ ಮೇಲೆ ಅದರ ತಲೆ ಹಿಡಿದಿದ್ದಿರಿ. ಕೂಸು ಕೆಮ್ಮಿತು.

"ಅಲ್ಲ ಮಾರಾಯ್ರೆ, ವೈರು ಸುಟ್ಟ ಕೆಂಡ ಇದು. ಕೂಸಿಗೆ ಎಂಥದೂ ಆಗದಿಲ್ಲ ಅಲ್ದ?"

"ಏನೂ ಆಗಲ್ಲ ಬಿಡ್ರೀ. ಹೊಗೆ ಅಂದ್ರೆ ಎಲ್ಲಾ ಹೊಗೇನೇ."

ಅಷ್ಟು ಹೇಳಿ ನೀವು ಕೊಟ್ಟ ಕಾಫಿ ಕುಡಿದೆ. ಮನೆಗೆ ಬಂದು ಸೋಪು ಹಚ್ಚಿ ಕೈ ತೊಳೆದೆ, ಮತ್ತೊಮ್ಮೆ ತೊಳೆದೆ — ನನ್ನ ಕೈಯನ್ನು.

ಲಸಿಕೆ ಹಾಕಲು ಬಂದ ನರ್ಸಮ್ಮ ಬಚ್ಚಲಿನ ವಾಸನೆ ಹಿಡಿದು, ಇದನ್ನು ನಿಲ್ಲಿಸಿ ಎಂದರಂತೆ. ನಾನಾಗಿದ್ದರೆ ಚಿಂತಿಸುತ್ತಲೇ ಮಳೆಗಾಲ ಕಳೆಯುತ್ತಿದ್ದೆ. ನೀವು ಅವತ್ತೇ ಒಲೆ ಬಳಿದು, ಬೂದಿಯನ್ನು ಹಿತ್ತಲಿಗೆ ಚೆಲ್ಲದೆ ಡಬ್ಬಕ್ಕೆ ತುಂಬಿ ಮುಚ್ಚಿದಿರಿ. ಆಮೇಲೆ ಕೇರಿಯ ಒಂದೊಂದೇ ಬಚ್ಚಲಿಗೆ ನುಗ್ಗಿದಿರಿ. "ಹಂಡೆಗೆ ತರಗೆಲೆ ಸಾಲದನೇ ನಿಂಗೆ? ಮಕ್ಕಳನ್ನ ಬಾಳೆಗೊನೆ ಮಾಡಿದೀಯ, ಹೊಗೆ ಹಾಕಿ ಹಣ್ಣು ಮಾಡಕ್ಕೆ?" ಎಂದು ನೀವು ಗದರಿದ್ದನ್ನು ಆ ಹೆಂಗಸರು ಈಗಲೂ ನಗುತ್ತ ಹೇಳುತ್ತಾರೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಜಗುಲಿಗೆ ತಂದು, ಅದರ ಬಾಯಿಗೆ ವೈರು ಕೊಟ್ಟು ಎಳೆದು ತೋರಿಸಿದಿರಿ — ಸಿಪ್ಪೆ ಇತ್ತ, ತಾಮ್ರ ಅತ್ತ. ಟಿವಿಯೊಳಗಿನ ಸರ್ಕ್ಯೂಟ್ ಬೋರ್ಡುಗಳನ್ನು ಮುಟ್ಟುವುದೇ ಇಲ್ಲವೆಂದು ನನಗೆ ವಾಪಸು ಕಳಿಸಿದಿರಿ. ಆ ಕೇರಿಯಲ್ಲಿ ಕಪ್ಪು ಹೊಗೆ ಮತ್ತೆ ಏಳಲಿಲ್ಲ. ಇಷ್ಟು ಗಟ್ಟಿ ಮನುಷ್ಯರನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಅದೇ ಜಗುಲಿಯಲ್ಲಿ ಒಬ್ಬಾಕೆ, ತಾಮ್ರ ಒಯ್ಯಲು ಬಂದಿದ್ದ ನನ್ನನ್ನು ಚುಚ್ಚಿದಳು: "ಅಂಗಡಿ ಇಟ್ಕಂಡೋರು. ಇವ್ರಿಗೆ ಗೊತ್ತಿರ್ಲಿಲ್ಲ ಅಂದ್ರೆ ನಂಬಕ್ಕಾಗ್ತದಾ?"

"ಸುಮ್ನಿರೇ. ಗೊತ್ತಿದ್ರೆ ಕೂಸಿನ ಎದ್ರು ಹಂಗೆ ಹೇಳ್ತಿದ್ರಾ?" ಎಂದಿರಿ ನೀವು.

ನಿಮ್ಮ ಮಾತೇ ಸರಿಯೆಂಬಂತೆ ನಾನು ತಲೆಯಾಡಿಸಿದೆ. ಮೊದಲ ಸುಳ್ಳಿಗಿಂತ ಆ ತಲೆಯಾಡಿಸಿದ್ದು —

ಆ ಕೂಸು ಈಗ ಓಡಾಡುತ್ತದೆ. ಮಾತು ಮಾತ್ರ ಇನ್ನೂ ಬಂದಿಲ್ಲ. "ತಡವಾಗಿ ಮಾತಾಡೋ ಮಕ್ಕಳೂ ಇರ್ತಾವೆ" ಎನ್ನುತ್ತಾಳೆ ಸವಿತಾ. ಇರಬಹುದು. ಆದರೆ ಸೀಸ ಮೈ ಸೇರಿದ ಮಕ್ಕಳಿಗೂ ಮಾತು ತಡವಾಗುತ್ತದೆಂದು ನಾನು ಓದಿದ್ದೆ. ಸೀನಿಗೂ ಹೆದರುವ ನಾನು ಇದೊಂದಕ್ಕೆ ಮಾತ್ರ "ಏನಿಲ್ಲ" ಎಂದುಕೊಂಡು ದಿನ ತಳ್ಳಿದೆ. ಡಾಕ್ಟರು ನೆಗಡಿ, ಜ್ವರ ನೋಡುತ್ತಾರೆ. ಯಾರೂ ಹೇಳದೆ ಸೀಸವನ್ನು ಹುಡುಕುವುದಿಲ್ಲ.

ನಾಳೆ ನೀವೆಲ್ಲ ಜಗುಲಿಯಲ್ಲಿ ವೈರು ಸುಲಿಯಲು ಕತ್ತಿ ಹಿಡಿದು ಕೂತಿರುವಾಗಲೇ ಬರುತ್ತೇನೆ — ನನ್ನ ಧೈರ್ಯಕ್ಕೆ ಇದು ಹೆಚ್ಚೇ — ಎಲ್ಲರ ಎದುರು ಹೇಳುತ್ತೇನೆ. ಮಗುವನ್ನು ಶಿವಮೊಗ್ಗಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಬೇಕು. ಯಾವ ಒಲೆ, ಯಾವ ವೈರು ಎಂದು ಡಾಕ್ಟರಿಗೆ ನಾನೇ ಹೇಳುತ್ತೇನೆ. ನನ್ನ ಮುಖ ನೋಡುವುದು ಬೇಡವೆನಿಸಿದರೆ ಡಾಕ್ಟರಿಗೆ ನೀವೇ ಹೇಳಿ, ಗೌರಕ್ಕ. ಆದರೆ ಹೋಗಿ.