ಮಂಚದಿಂದ ಬಚ್ಚಲಿಗೆ ಹದಿನೆಂಟು ಹೆಜ್ಜೆ

ಬೆಳಗಿನ ಆರೂಕಾಲು. ದೇವನೂರು ಹೋಬಳಿಯ ಸಣ್ಣ ಹಳ್ಳಿಯೊಂದರ ನಡುಮನೆಯಲ್ಲಿ ಅನುಪಮಾ ಸಿಸ್ಟರ್ ಮಂಡಿಯೂರಿ ಕೂತಿದ್ದಾರೆ. ಮಂಚದ ಮೇಲೆ ಎಪ್ಪತ್ತೆಂಟರ ರಂಗಪ್ಪಜ್ಜ. ಅಜ್ಜನ ಪಾದ ಸಿಸ್ಟರ್ ಅಂಗೈಗೆ ಒತ್ತಿಕೊಂಡಿದೆ.

"ಒದಿ ಅಜ್ಜ, ಜೋರಾಗಿ. ನಂಗೇನ್ ನೋವಾಗಲ್ಲ."

"ಒದಿಯೋಕೆ ಕಾಲೆಲ್ಲೈತೆ ತಾಯಿ? ಒಣಗಿದ ಗಳ ಇದು."

ಎರಡು ತಿಂಗಳ ಹಿಂದೆ ಇದೇ ಕಾಲು ತೋಟದ ತನಕ ಹೋಗಿಬರುತ್ತಿತ್ತು. ಮಂಡಿ ಪೂರ್ತಿ ಬಿಗಿದುಕೊಳ್ಳುವ ಮೊದಲು ಅಜ್ಜನನ್ನು ಮತ್ತೆ ನಿಲ್ಲಿಸಬೇಕು, ಸಿಸ್ಟರ್‌ಗೆ ಈಗ ಅದೊಂದೇ ಚಿಂತೆ.

ನಲವತ್ತೆರಡರ ಅನುಪಮಾ ಬೀರೂರಿನವರು, ಹದಿನಾಲ್ಕು ವರ್ಷದಿಂದ ಗುತ್ತಿಗೆ ನರ್ಸ್. ಒಂಬತ್ತರಿಂದ ಉಪಕೇಂದ್ರದ ಕೆಲಸ: ಚುಚ್ಚುಮದ್ದು, ಬಸುರಿಯರ ತಪಾಸಣೆ, ಬಿಪಿ-ಶುಗರ್ ಮಾತ್ರೆ. ಅದಕ್ಕೂ ಮುಂಚೆ ಮೊದಲ ಬಸ್ಸಿಗೆ ಬಂದು ದಿನಕ್ಕೆ ಆರು ಮನೆ ಸುತ್ತುತ್ತಾರೆ. ಮೂರು ಹಳ್ಳಿಗಳಲ್ಲಿ ಇಪ್ಪತ್ಮೂರು ಮುದುಕರನ್ನು ನಡೆಸುವ ಈ ಕೆಲಸ ಯಾರೂ ಹೇಳಿದ್ದಲ್ಲ. ನುಂಗಿಸಿದ ಮಾತ್ರೆ ಬರೆಯಲು ರಿಜಿಸ್ಟರಿನಲ್ಲಿ ಜಾಗವಿದೆ, ಮುದುಕರು ಎದ್ದು ನಡೆದದ್ದನ್ನು ಬರೆಯಲು ಇಲ್ಲ.

ಈ ಕಡೆಯ ಮನೆಗಳಲ್ಲಿ ಮರ್ಯಾದೆಯೇ ಹಿರಿಯರಿಗೆ ಮುಳುವು. ಒಮ್ಮೆ ಜಾರಿದರೆ ಸಾಕು, ಮಂಚ ಹಾಕಿ ಕೂರಿಸಿ ತಟ್ಟೆಯನ್ನು ಕೈಗೇ ಕೊಡುತ್ತಾರೆ. ಹಿರಿಯರು ತಾವೇ ಎದ್ದು ಒಂದು ಚೊಂಬು ನೀರು ತಂದರೂ ಊರು ಸೊಸೆಯನ್ನು ಆಡಿಕೊಳ್ಳುತ್ತದೆ. ದೀಪಾವಳಿ ಹೊತ್ತಿಗೆ ರಂಗಪ್ಪಜ್ಜ ಜಾರಿಬಿದ್ದರು. ಮೂಳೆ ಮುರಿದಿರಲಿಲ್ಲ, ಆದರೂ ಮಂಚ ಬಂತು, ಅದರ ಕೆಳಗೊಂದು ಪಾತ್ರೆಯೂ ಬಂತು.

ಹಿರಿಸೊಸೆ ಶರ್ಮಿಳಾ ಜತೆ ಸೇರಿ ಸಿಸ್ಟರ್ ಅಜ್ಜನನ್ನು ಎಬ್ಬಿಸಿದರು. ಮಂಚದಿಂದ ಹೊಸ್ತಿಲಿಗೆ, ಹೊಸ್ತಿಲಿಂದ ಬಚ್ಚಲಿಗೆ ನಡೆಸಲು ಐದು ತಿಂಗಳು ಹಿಡಿಯಿತು. ಆಮೇಲೆ ಅಜ್ಜ ತಾವೇ ತೋಟಕ್ಕೆ ಹೋಗಿ ತೆಂಗಿನ ಗರಿ ತಂದು, ಜಗಲಿಯಲ್ಲಿ ಕೂತು ಪೊರಕೆ ಕಡ್ಡಿ ತೆಗೆಯತೊಡಗಿದರು.

ತರೀಕೆರೆಯಲ್ಲಿ ಅಂಗಡಿ ಇಟ್ಟಿರುವ ಕಿರಿಮಗ ಭೈರೇಶ್ ಒಂದು ಭಾನುವಾರ ಬಂದು ಇದನ್ನು ಕಂಡರು.

"ನಮ್ಮಪ್ಪನ ಕೈಲಿ ಪೊರಕೆ ಮಾಡಿಸ್ತೀರಾ? ನಾವೇನ್ ಸತ್ತೋಗಿದೀವಾ?"

ಅತ್ತಿಗೆಯ ಮೇಲೆ ಕೂಗಾಡಿದ್ದು ಸಾಲದೆಂದು, ನರ್ಸು ಮುದುಕನನ್ನು ದುಡಿಸುತ್ತಾಳೆಂದು ಮೇಲಿನವರಿಗೆ ದೂರನ್ನೂ ಬರೆದರು. ಅಪ್ಪನನ್ನು ಮಂಚಕ್ಕೆ ಹಾಕಿ ತರೀಕೆರೆ ಬಸ್ ಹತ್ತಿದವರು ಮತ್ತೆ ಈ ಕಡೆ ತಲೆ ಹಾಕಿಲ್ಲ. ಸಿಸ್ಟರ್‌ಗೆ ನೋಟಿಸ್ ಬಂತು, ಆ ಮನೆಯ ಹೊಸ್ತಿಲು ತುಳಿಯಬಾರದೆಂಬ ತಾಕೀತೂ ಬಂತು.

"ಏಳು ವಾರ ಬರ್ಲಿಲ್ಲ ಕಣ್ರೀ. ಹೆದ್ರಿಬಿಟ್ಟೆ. ಕೊನೆಗೆ ಶರ್ಮಿಳಾನೇ ಫೋನ್ ಮಾಡಿ ಅತ್ಲು. ಬಂದು ಚಾದರ ಎತ್ತಿ ನೋಡಿದ್ರೆ ಬೆನ್ನೆಲ್ಲ ಹುಣ್ಣು. ನನ್ ತಪ್ಪಂದ್ರೆ ಅದು. ನಡೆಸಿದ್ದಲ್ಲ."

ಈಗ ಬರುತ್ತಿರುವುದು ಮೇಲಿನವರಿಗೆ ಗೊತ್ತಾದರೆ ಕೆಲಸ ಹೋಗಬಹುದು. ಬೆನ್ನ ಹುಣ್ಣು ಮಾಯುತ್ತಿದೆ. ಕಾಲು ಮಾತ್ರ ಇನ್ನೂ ಮೈಭಾರ ತಡೆಯುತ್ತಿಲ್ಲ.

ತಪ್ಪಾಯಿತು ಎಂದು ಬರೆದುಕೊಟ್ಟರೆ ಎಲ್ಲ ಮುಗಿಯುತ್ತದೆ ಎಂದು ಜತೆಯವರು ಬುದ್ಧಿ ಹೇಳಿದ್ದರು. ಸಿಸ್ಟರ್ ಕಳೆದ ವಾರ ನೋಟಿಸಿಗೆ ಉತ್ತರ ಕೊಟ್ಟಿದ್ದಾರೆ.

"ತಪ್ಪುಗಿಪ್ಪು ಅಂತ ಏನೂ ಬರೀಲಿಲ್ಲ. 'ಯುಗಾದಿ ದಿನ ರಂಗಪ್ಪನವರು ಯಾರ ಕೈಯನ್ನೂ ಹಿಡಿಯದೆ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ತಾವೇ ಎಣ್ಣೆ ಸ್ನಾನ ಮಾಡಿದರು' ಅಂತ ಬರ್ದು ಸೈನ್ ಹಾಕ್ದೆ."